ಎರಡನೆಯ ವಿಸಿಲ್

ಕೂಳೂರು ಪಣಂಬೂರು ಸುರತ್ಕಲ್ ಮುಕ್ಕ
ಹಳೆಯಂಗಡಿ ಮೂಲ್ಕಿ ಹೆಜಮಾಡಿ ಪಡುಬಿದ್ರಿ
ಉಚ್ಚಿಲ...
ಹತ್ತೊಂಬತ್ತು ವರ್ಷ ಒಂದೇ ಉಸಿರಿಗೆ ಕೂಗಿದ ಬಾಯಿ ಇದು.
ನಡುವೆ ಒಂದು ಊರು ಬಿಟ್ಟುಹೋಗುತ್ತಿದೆ ಎಂದು
ಮೊದಲು ಗೊತ್ತಾದದ್ದು ಡ್ರೈವರ್ ಗಿಲ್ಬರ್ಟನಿಗೆ.
ಅಲ್ಲಿ ಇಳಿಯುವವರು ತಾವೇ ಎದ್ದು ಕಿರುಚಬೇಕು;
ನಾನು ಆಗ ತಲೆ ತಗ್ಗಿಸಿ ಚಿಲ್ಲರೆ ಎಣಿಸುತ್ತಿರುತ್ತೇನೆ.

"ನನ್ನ ತಂಗಿ ಬಾಣಂತಿಯಾಗಿದ್ದಾಗ
ಒಂದು ತಿಂಗಳು ಮಗುವಿನ ಮುಖ ನೋಡಲಿಲ್ಲ ಮಾರಾಯ,
ಈ ಮೇಡಂ ಹತ್ತಿರ ಮಾತಾಡಿ ಮಾತಾಡಿ ಸರಿಯಾದಳು" ಎಂದು
ಟಿಕೇಟಿನ ಬೆನ್ನಿಗೆ ನಂಬರು ಬರೆದುಕೊಟ್ಟ.
ಮಾತಾಡಿ ಸರಿಯಾಗುವುದಂತೆ!
ದಿನಕ್ಕೆ ಆರು ಟ್ರಿಪ್ಪು. ನಾನು ಮಾತಾಡದ ಗಳಿಗೆ ಯಾವುದು?

ಉಡುಪಿ, ಕಲ್ಸಂಕದ ಹತ್ತಿರ, ಕನ್ನಡಕದ ಅಂಗಡಿಯ ಮೇಲಿನ ಮಾಳಿಗೆ.
ರಮ್ಲತ್ ಮೇಡಂ. ಒಂದು ಫ್ಯಾನು, ಎರಡು ಕುರ್ಚಿ,
ಎದುರುಬದುರು ಅಲ್ಲ, ಸ್ವಲ್ಪ ಓರೆಯಾಗಿ,
ಬಾನೆಟ್ಟಿನ ಪಕ್ಕದ ಸೀಟಿನ ಹಾಗೆ.
ಮೊದಲ ಬುಧವಾರ ನಾನು ಹೇಳಿದ್ದು
ಡೀಸೆಲ್ ರೇಟು, ಟೋಲ್‌ಗೇಟು, ಟೈಂಕೀಪರನ ಕಿರಿಕಿರಿ,
ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವ ಕೊಡುವ ಬೈಗುಳ.
ಎಲ್ಲ ಕೇಳಿದರು. ಏನೂ ಬರೆದುಕೊಳ್ಳಲಿಲ್ಲ.
ಎರಡನೆಯ ಬುಧವಾರವೂ ಅದನ್ನೇ ಹೇಳಿದೆ.
ಮೂರನೆಯದಕ್ಕೆ, ಏರಿನಲ್ಲಿ ಎಂಜಿನ್ ಹಾಗೆ, ಮಾತು ಬಂದ್ ಬಿತ್ತು.
ಫ್ಯಾನು ಮಾತ್ರ ತಿರುಗುತ್ತಿತ್ತು. ಅವರು ಅವಸರ ಮಾಡಲಿಲ್ಲ.
ನನ್ನ ಎದುರು ಇಷ್ಟು ಹೊತ್ತು ಯಾರೂ ಸುಮ್ಮನಿದ್ದದ್ದಿಲ್ಲ.
ಆಮೇಲೆ, ತುಳುವಿನಲ್ಲಿ, ಒಂದೇ ಶಬ್ದ: "ಪನ್ಲೆ."
ಹೇಳಿ.

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ ಎಂಟು ರೂಪಾಯಿ.
ಐದರದ್ದೊಂದು, ಒಂದರದ್ದು ಮೂರು.
ಕಲೆಕ್ಷನ್ನಿಗೆ ಸೇರಿಸದೆ, ಬೇರೆ ಜೇಬಿನಲ್ಲಿ, ಹದಿನಾಲ್ಕು ತಿಂಗಳು.

ಬಾಕಿ ಎಂಟು ಎಂದು ಟಿಕೇಟಿನ ಬೆನ್ನಿಗೆ ನಾನೇ ಬರೆದದ್ದು.
ಇಳಿಯುವಾಗ ಅವರು ತಿರುಗಿ ಅದನ್ನು ಎತ್ತಿ ತೋರಿಸಿದರು,
ಒಂದು ಕಾಲು ಇನ್ನೂ ಮೆಟ್ಟಿಲಲ್ಲಿ.
ನನಗೆ ಕಂಡದ್ದು ಹಿಂದಿನಿಂದ ನುಗ್ಗುತ್ತಿದ್ದ ಇನ್ನೊಂದು ಬಸ್ಸು.
ಒಂದು ವಿಸಿಲ್ ಅಂದರೆ ನಿಲ್ಲು.
ಎರಡು ಅಂದರೆ ಹೋಗು.

ಹೆಸರು ವಾರಿಜ ಮೆಂಡನ್ ಎಂದು ಮರುದಿನ ಪೇಪರಿನಲ್ಲಿ ಓದಿದೆ.

"ನಿಮ್ಮ ತಪ್ಪಲ್ಲ" ಅನ್ನುತ್ತಾರೆಂದು ಕಾದೆ. ಎಲ್ಲರೂ ಅಂದಿದ್ದರು,
ಓನರು, ವಕೀಲರು; ದರ್ಶನದ ಪಾತ್ರಿ ಕೂಡ ಅಭಯ ಕೊಟ್ಟಿದ್ದರು.
ಇವರು ಅನ್ನಲಿಲ್ಲ.
"ವಿಸಿಲ್ ಊದುವಾಗ ನಿಮ್ಮ ಎದೆಯಲ್ಲಿ ಎಂತ ಇತ್ತು?"
ಹೆದರಿಕೆ, ಅಂದೆ. ಎರಡು ನಿಮಿಷ ತಡವಾದ ಹೆದರಿಕೆ.
ಆಗ ಬಂದ ಸ್ವರ ಕಂಡಕ್ಟರನದ್ದಲ್ಲ,
ಮೀಸೆ ಬಾರದ ಯಾವನೋ ಹುಡುಗನದ್ದು.
ಕೆಳಗೆ ಅಂಗಡಿಯಲ್ಲಿ ಯಾರೋ ಹೊಸ ಕನ್ನಡಕ ಹಾಕಿಕೊಂಡು
ಅಕ್ಷರ ಓದುತ್ತಿದ್ದರು: ದೊಡ್ಡದು, ಸಣ್ಣದು, ಇನ್ನೂ ಸಣ್ಣದು.

ಹೀಗೆ ಹದಿಮೂರು ಬುಧವಾರ.
ಭಾರ ಇಳಿಯಿತು ಎನ್ನಲಾರೆ; ಡಿಕ್ಕಿಗೆ ಹಾಕಿ ಮರೆಯುವ ಲಗೇಜೇ ಅದು?
ನಿಂತೇ ಬರುವ ಪ್ಯಾಸೆಂಜರು. ಈಗ ಕಂಬಿ ಹಿಡಿಯಲು ಕಲಿತಿದೆ,
ಬ್ರೇಕ್ ಹಾಕಿದಾಗ ನನ್ನ ಮೇಲೆ ಬೀಳುವುದು ಕಡಿಮೆ.
ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ದಿನಾ ಅಲ್ಲ.
ಹೆಂಡತಿಗೂ ಹೇಳಿದೆ. ಬಂಗುಡೆ ಕ್ಲೀನ್ ಮಾಡುತ್ತಿದ್ದವಳು
ಕೈ ತೊಳೆಯದೆ ಹಾಗೇ ಕೂತು ಕೇಳಿದಳು.
ಎಂಟು ರೂಪಾಯಿ ಎಂತ ಮಾಡುವುದೆಂದು
ಇನ್ನೂ ಮಾತಾಡಲಿಕ್ಕುಂಟು.

ನಿನ್ನೆ ಪಡುಬಿದ್ರಿ ದಾಟಿದ ಮೇಲೆ ಬಾಯಿ ತೆರೆದೆ.
ಎರ್ಮಾಳು.
ಯಾರೂ ತಿರುಗಿ ನೋಡಲಿಲ್ಲ, ಕನ್ನಡಿಯಲ್ಲಿ ಗಿಲ್ಬರ್ಟನ ಕಣ್ಣು ಬಿಟ್ಟರೆ.
ಇಳಿದದ್ದು ಒಬ್ಬ ಕಾಲೇಜು ಹುಡುಗ, ಕಿವಿಗೆ ವಯರು.
ಅವನ ಎರಡೂ ಕಾಲು ನೆಲದ ಮೇಲೆ. ನೋಡಿದೆ. ಮತ್ತೆ ನೋಡಿದೆ.
ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.
ಹೊಡೆಯಲಿ.